ನೀರಿನ ಮೇಲಿನ ಪುಟ್ಟ ಬಿಲ್ಲೆಗಳು: ಡಕ್‌ವೀಡ್ ಪ್ರಭೇದಗಳನ್ನು ತಪ್ಪಿಲ್ಲದೆ ಗುರುತಿಸುವ ಸಮಗ್ರ ಮಾರ್ಗದರ್ಶಿ

ನಿಂತ ನೀರಿನ ಮೇಲೆ ಹಸಿರು ಹೊದಿಕೆಯಂತೆ ಹಬ್ಬುವ ಡಕ್‌ವೀಡ್ ಸಸ್ಯಗಳಿಗೆ ಹೆಸರು ಹುಡುಕಲು ಹೊರಟವರಲ್ಲಿ ಹೆಚ್ಚಿನವರು ಒಂದೇ ಜಾಗದಲ್ಲಿ ಎಡವುತ್ತಾರೆ. ಮೇಲಿನಿಂದ ಒಂದು ಚಿತ್ರ ತೆಗೆದು, ಗಾತ್ರವನ್ನೂ ಬಣ್ಣವನ್ನೂ ನೋಡಿ, ದೊಡ್ಡದಾಗಿದ್ದರೆ ಸ್ಪೈರೋಡೆಲಾ, ಚಿಕ್ಕದಾಗಿದ್ದರೆ ಲೆಮ್ನಾ ಮೈನರ್ ಎಂದು ತೀರ್ಮಾನಿಸಿಬಿಡುತ್ತಾರೆ. ಈ ಸಸ್ಯಗಳಲ್ಲಿ ಬಿಸಿಲು, ಚಳಿ, ನೀರಿನ ಪೋಷಕಾಂಶಗಳಿಗೆ ತಕ್ಕಂತೆ ಎಲ್ಲಕ್ಕಿಂತ ಬೇಗ ಬದಲಾಗುವ ಲಕ್ಷಣಗಳೇ ಗಾತ್ರ ಮತ್ತು ಬಣ್ಣ. ನಂಬಬಹುದಾದ ಗುರುತುಗಳೆಲ್ಲ ಕೆಳಮೈಯಲ್ಲಿ, ಬೇರಿನ ಬುಡದಲ್ಲಿ, ಬೆಳಕಿಗೆ ಎದುರಾಗಿ ಹಿಡಿದಾಗ ಮಾತ್ರ ಕಾಣುವ ನರಗಳಲ್ಲಿ ಇರುತ್ತವೆ. ಅವುಗಳನ್ನು ಯಾವ ಕ್ರಮದಲ್ಲಿ ನೋಡಬೇಕೆಂಬುದೇ ಈ ಬರಹದ ವಿಷಯ.

ಮೊದಲಿಗೆ ಒಂದು ಪದದ ಬಗ್ಗೆ ಹೇಳಬೇಕು. ಈ ಗಿಡಗಳಲ್ಲಿ ಕಾಂಡ, ಎಲೆ ಎಂಬ ಬೇರೆ ಬೇರೆ ಭಾಗಗಳಿಲ್ಲ; ಎಲೆಯಂತೆ ತೇಲುವ ಹಸಿರು ಭಾಗವೇ ಇಡೀ ಗಿಡ. ಸಸ್ಯಶಾಸ್ತ್ರದಲ್ಲಿ ಅದಕ್ಕೆ ಫ್ರಾಂಡ್ ಎನ್ನುತ್ತಾರೆ. ಇಲ್ಲಿ ಅದನ್ನು ಬಿಲ್ಲೆ ಎಂದು ಕರೆದಿದ್ದೇನೆ. ಬಿಲ್ಲೆಯ ಪಕ್ಕದಲ್ಲಿರುವ ಚೀಲದಂಥ ಸೀಳಿನಿಂದ ಮರಿಬಿಲ್ಲೆ ಹೊರಬರುತ್ತದೆ. ತಾಯಿ ಮತ್ತು ಮರಿಗಳು ಕೆಲಕಾಲ ಅಂಟಿಕೊಂಡೇ ಇರುತ್ತವೆ. ಬೇರು, ನರ ಮತ್ತು ಚೀಲಗಳೆಲ್ಲ ಕೂಡುವ ಬಿಂದುವಿಗೆ ಗಿಣ್ಣು ಎಂದಿದ್ದೇನೆ.

## ಬೇಕಾಗುವ ಸಲಕರಣೆಗಳು

ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ. ಬೇರು ಎಣಿಸಲು ಅದಷ್ಟೇ ಸಾಕಾದರೂ, ನರ ಎಣಿಸಲು ಮತ್ತು ಬೇರಿಲ್ಲದ ಕುಲಗಳನ್ನು ನೋಡಲು 40 ಪಟ್ಟು ಹಿಗ್ಗಿಸುವ ಸೂಕ್ಷ್ಮದರ್ಶಕ ಬೇಕಾಗುತ್ತದೆ. ಇವಲ್ಲದೆ ಅಗಲವಾದ ಬಿಳಿ ತಟ್ಟೆ, ಮೃದುವಾದ ಚಿತ್ರಕಲೆಯ ಕುಂಚ, ಡ್ರಾಪರ್, ಗಾಜಿನ ಸ್ಲೈಡುಗಳು, ಮಿಲಿಮೀಟರ್ ಗೆರೆಗಳಿರುವ ಗ್ರಾಫ್ ಕಾಗದ, ಮುಚ್ಚಳವಿರುವ ಸಣ್ಣ ಡಬ್ಬಿಗಳು ಮತ್ತು ಸ್ವಲ್ಪ ಸ್ಪಿರಿಟ್ ಇಟ್ಟುಕೊಳ್ಳಿ. ಬಿಲ್ಲೆಗಳನ್ನು ಎತ್ತಲು ಚಿಮುಟವನ್ನು ಬಳಸದಿರುವುದೇ ಒಳ್ಳೆಯದು, ಏಕೆಂದರೆ ಅದು ಬೇರಿನ ಬುಡವನ್ನು ಜಜ್ಜಿಬಿಡುತ್ತದೆ, ಮುಖ್ಯವಾದ ಗುರುತುಗಳು ಇರುವುದು ಅಲ್ಲಿಯೇ.

## ಹಂತ 1: ಸಂಗ್ರಹಿಸುವುದು

ಬಲೆಯಿಂದ ಬಾಚಬೇಡಿ. ಬಲೆಯ ಕಣ್ಣುಗಳಿಗೆ ಸಿಕ್ಕಿ ಬೇರುಗಳು ಕಡಿದುಹೋಗುತ್ತವೆ, ಆಮೇಲೆ ಎಣಿಸಲು ಏನೂ ಉಳಿಯುವುದಿಲ್ಲ. ಅಗಲ ಬಾಯಿಯ ಡಬ್ಬಿಯನ್ನು ನೀರಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಓರೆಯಾಗಿ ಹಿಡಿದರೆ ಸಸ್ಯಗಳು ನೀರಿನೊಂದಿಗೆ ತಾವಾಗಿಯೇ ಒಳಗೆ ಬರುತ್ತವೆ.

ಒಂದೇ ಕೊಳದ ಮೂರು ನಾಲ್ಕು ಕಡೆಗಳಿಂದ, ಅಂದರೆ ದಡದ ನೆರಳಿನಿಂದ, ನಡುವಿನ ಬಿಸಿಲಿನಿಂದ, ಮೇಲ್ಮೈಗಿಂತ ಒಂದು ಗೇಣು ಕೆಳಗಿನಿಂದ, ಬೇರೆ ಬೇರೆ ಡಬ್ಬಿಗಳಲ್ಲಿ ತೆಗೆದುಕೊಳ್ಳಿ. ಒಂದು ಬೊಗಸೆ ನೀರಿನಲ್ಲಿ ಎರಡು ಮೂರು ಪ್ರಭೇದಗಳು ಬೆರೆತಿರುವುದು ಸಾಮಾನ್ಯ ಸಂಗತಿ. ಬೇರನ್ನು ಒಂದು ಪ್ರಭೇದದ ಬಿಲ್ಲೆಯಲ್ಲಿ ನೋಡಿ, ನರವನ್ನು ಇನ್ನೊಂದರಲ್ಲಿ ಎಣಿಸಿ, ಎರಡನ್ನೂ ಒಟ್ಟುಗೂಡಿಸಿ ಎಲ್ಲಿಯೂ ಇಲ್ಲದ ಮೂರನೆಯ ಪ್ರಭೇದವನ್ನು ಕಂಡುಹಿಡಿಯುವ ಪ್ರಮಾದ ನಡೆಯುವುದು ಇಂಥ ಮಿಶ್ರಣದಿಂದಲೇ. ಆದ್ದರಿಂದ ಮಾದರಿಯನ್ನು ಬಿಳಿ ತಟ್ಟೆಗೆ ಸುರಿದ ಕೂಡಲೇ, ಕಣ್ಣಿಗೆ ಬೇರೆ ಎನಿಸಿದ ಗುಂಪುಗಳನ್ನು ಕುಂಚದ ತುದಿಯಿಂದ ಪಕ್ಕಕ್ಕೆ ಸರಿಸಿ, ಪ್ರತಿ ಗುಂಪಿಗೂ ಒಂದು ಸಂಖ್ಯೆ ಕೊಟ್ಟು, ಮುಂದಿನ ಎಲ್ಲ ಹಂತಗಳನ್ನೂ ಆಯಾ ಗುಂಪಿನೊಳಗೇ ನಡೆಸಿ.

## ಹಂತ 2: ಅದು ಡಕ್‌ವೀಡ್ ಹೌದೇ ಎಂದು ಖಚಿತಪಡಿಸಿಕೊಳ್ಳುವುದು

ಅಜೋಲ್ಲಾ ಒಂದು ಜರೀಗಿಡ. ಅದಕ್ಕೆ ಕವಲೊಡೆದ ಕಾಂಡವಿದ್ದು, ಹುರುಪೆಗಳಂಥ ಪುಟ್ಟ ಎಲೆಗಳು ಒಂದರ ಮೇಲೊಂದು ಜೋಡಿಸಿಕೊಂಡಿರುತ್ತವೆ. ಸಾಲ್ವೀನಿಯಾದ ತೇಲುವ ಎಲೆಗಳು ಜೋಡಿಜೋಡಿಯಾಗಿದ್ದು, ಅವುಗಳ ಮೇಲ್ಮೈಯಲ್ಲಿ ನೀರನ್ನು ಹತ್ತಿರ ಬಿಡದ ರೋಮಗಳಿರುತ್ತವೆ. ಡಕ್‌ವೀಡಿನ ಮೇಲೆ ರೋಮವೇ ಇರುವುದಿಲ್ಲ. ನೀರೊಳಗೆ ಜಾಲದಂತೆ ಹರಡುವ ರಿಕ್ಸಿಯಾ ಎಂಬ ಲಿವರ್‌ವರ್ಟ್ (ಹಾವಸೆಗೆ ಹತ್ತಿರದ, ಹೂಬಿಡದ ಸಸ್ಯ) ಅನ್ನು ಲೆಮ್ನಾ ಟ್ರೈಸಲ್ಕಾ ಎಂಬ, ಮುಳುಗಿ ಬೆಳೆಯುವ ಡಕ್‌ವೀಡ್ ಎಂದು ತಿಳಿಯುವವರಿದ್ದಾರೆ. ರಿಕ್ಸಿಯಾದ ಪಟ್ಟಿಗಳು ತುದಿಯಲ್ಲಿ ಸಮನಾಗಿ ಎರಡಾಗಿ ಕವಲೊಡೆಯುತ್ತವೆ. ಲೆಮ್ನಾ ಟ್ರೈಸಲ್ಕಾದಲ್ಲಾದರೋ ಮರಿಬಿಲ್ಲೆಗಳು ತಾಯಿಯ ಎರಡೂ ಪಕ್ಕಗಳಿಂದ ತೊಟ್ಟಿನ ಮೇಲೆ ಚಾಚಿಕೊಂಡಿರುತ್ತವೆ.

ಬೇರಿಲ್ಲದ ಹಸಿರು ಕಣಗಳು ಸಿಕ್ಕಿದಾಗ ಪಾಚಿಯೆಂದು ಎಸೆಯಬೇಡಿ. ಅವು ವುಲ್ಫಿಯಾ ಎಂಬ ಬೇರಿಲ್ಲದ ಡಕ್‌ವೀಡ್ ಆಗಿರಬಹುದು. ಬೆರಳುಗಳ ನಡುವೆ ಉಜ್ಜಿದರೆ ವುಲ್ಫಿಯಾ ಸಣ್ಣ ಮರಳಿನಂತೆ ಕಣಕಣವಾಗಿ ತಟ್ಟುತ್ತದೆ, ಪಾಚಿ ಲೋಳೆಯಂತೆ ಜಾರುತ್ತದೆ.

## ಹಂತ 3: ಬೇರು ಎಣಿಸುವುದು

ಡಕ್‌ವೀಡಿನಲ್ಲಿ ಒಟ್ಟು ಐದು ಕುಲಗಳೂ ಸುಮಾರು 36 ಪ್ರಭೇದಗಳೂ ಇವೆ. ಬೇರಿನ ಸಂಖ್ಯೆಯೊಂದೇ ಅವುಗಳನ್ನು ಮೂರು ಗುಂಪುಗಳಾಗಿ ಒಡೆಯುತ್ತದೆ: ಹಲವು ಬೇರುಗಳಿರುವ ಸ್ಪೈರೋಡೆಲಾ ಮತ್ತು ಲ್ಯಾಂಡೋಲ್ಟಿಯಾ, ಒಂದೇ ಬೇರಿನ ಲೆಮ್ನಾ, ಬೇರೇ ಇಲ್ಲದ ವುಲ್ಫಿಯಾ ಮತ್ತು ವುಲ್ಫಿಯೆಲ್ಲಾ.

ಒಂದು ತೊಟ್ಟು ನೀರನ್ನು ಸ್ಲೈಡಿನ ಮೇಲೆ ಹಾಕಿ, ಬಿಲ್ಲೆಯನ್ನು ಕುಂಚದಿಂದ ಎತ್ತಿ ಕೆಳಮೈ ಮೇಲಾಗುವಂತೆ ಮಲಗಿಸಿ. ಅಂಟಿಕೊಂಡಿರುವ ಮರಿಗಳನ್ನು ಮೆಲ್ಲಗೆ ಬೇರ್ಪಡಿಸಿ, ತಾಯಿಬಿಲ್ಲೆಯ ಬೇರುಗಳನ್ನು ಮಾತ್ರ ಎಣಿಸಿ. ಮರಿಗಳನ್ನು ಬೇರ್ಪಡಿಸದೆ ಎಣಿಸುವುದೇ ಇಲ್ಲಿನ ದೊಡ್ಡ ತಪ್ಪು: ಒಂದೊಂದು ಬೇರಿನ ಮೂರು ಲೆಮ್ನಾ ಬಿಲ್ಲೆಗಳು ಅಂಟಿಕೊಂಡಿದ್ದರೆ ಅದು ಮೂರು ಬೇರಿನ ಲ್ಯಾಂಡೋಲ್ಟಿಯಾದಂತೆ ಕಾಣುತ್ತದೆ. ಇದಕ್ಕೆ ವಿರುದ್ಧವಾದ ತಪ್ಪೂ ಆಗುತ್ತದೆ. ಎಳೆಯ ಬಿಲ್ಲೆಯಲ್ಲಿ ಬೇರುಗಳು ಇನ್ನೂ ಮೂಡಿರುವುದಿಲ್ಲವಾದ್ದರಿಂದ ಸ್ಪೈರೋಡೆಲಾದ ಮರಿ ಲೆಮ್ನಾದಂತೆಯೇ ತೋರಬಹುದು. ಕಡಿಮೆಯೆಂದರೂ ಹತ್ತು ಬಲಿತ ಬಿಲ್ಲೆಗಳನ್ನು ಎಣಿಸಿ, ಸಿಕ್ಕಿದ ಅತಿ ದೊಡ್ಡ ಸಂಖ್ಯೆಗೆ ಹೆಚ್ಚು ಬೆಲೆ ಕೊಡಿ. ಬೇರು ಕಡಿದುಹೋಗುವುದುಂಟೇ ಹೊರತು ಹೊಸದಾಗಿ ಅಂಟಿಕೊಳ್ಳುವುದಿಲ್ಲ.

## ಹಂತ 4: ಹಲವು ಬೇರುಗಳಿದ್ದರೆ

ಸ್ಪೈರೋಡೆಲಾ ಪಾಲಿರೈಜಾದ ಬಲಿತ ಬಿಲ್ಲೆ ಸಾಮಾನ್ಯವಾಗಿ 5ರಿಂದ 10 ಮಿ.ಮೀ. ಉದ್ದವಿದ್ದು, ಹೆಚ್ಚುಕಡಿಮೆ ದುಂಡಗಿರುತ್ತದೆ. 7 ಅಥವಾ ಅದಕ್ಕಿಂತ ಹೆಚ್ಚು ಬೇರುಗಳು ಒಂದು ಕುಚ್ಚಿನಂತೆ ಇಳಿದಿರುತ್ತವೆ. ಲ್ಯಾಂಡೋಲ್ಟಿಯಾ ಪಂಕ್ಟೇಟಾ ಅದಕ್ಕಿಂತ ಕಿರಿದು, ನೀಳ, ಎಷ್ಟೋ ವೇಳೆ ಒಂದು ಬದಿಗೆ ವಾಲಿದ ಆಕಾರದ್ದು. ಬೇರುಗಳು ಹೆಚ್ಚಾಗಿ 2ರಿಂದ 7. ಎರಡರ ಕೆಳಮೈಯೂ ಕೆನ್ನೇರಳೆಯಾಗಬಹುದಾದ್ದರಿಂದ ಬಣ್ಣದಿಂದ ಇಲ್ಲಿ ಏನೂ ತೀರ್ಮಾನವಾಗದು.

ಸಂಖ್ಯೆ 6 ಅಥವಾ 7ರ ಆಸುಪಾಸಿನಲ್ಲಿ ನಿಂತಾಗ ನೋಡಬೇಕಾದದ್ದು ಬೇರಿನ ಬುಡವನ್ನು. ಈ ಎರಡೂ ಕುಲಗಳಲ್ಲಿ ಗಿಣ್ಣನ್ನು ಒಂದು ತೆಳುವಾದ, ಪಾರದರ್ಶಕವಾದ ಪೊರೆ ಮುಚ್ಚಿರುತ್ತದೆ. ಲ್ಯಾಂಡೋಲ್ಟಿಯಾದಲ್ಲಿ ಎಲ್ಲ ಬೇರುಗಳೂ ಆ ಪೊರೆಯನ್ನು ತೂರಿಕೊಂಡು ಹೊರಬರುತ್ತವೆ. ಸ್ಪೈರೋಡೆಲಾ ಪಾಲಿರೈಜಾದಲ್ಲಿ ಒಂದು, ಹೆಚ್ಚೆಂದರೆ ಎರಡು ಬೇರುಗಳು ಮಾತ್ರ ಪೊರೆಯನ್ನು ತೂರುತ್ತವೆ, ಮಿಕ್ಕವು ಅದರ ಪಕ್ಕದಿಂದ ಇಳಿಯುತ್ತವೆ. ಪೊರೆ ಬಲು ಸೂಕ್ಷ್ಮವಾದದ್ದು, ಬಿಲ್ಲೆ ಹಳೆಯದಾದಂತೆ ಹರಿದುಹೋಗುವಂಥದ್ದು. ಆದುದರಿಂದ ಬಲಿತಿದ್ದರೂ ಮುಪ್ಪಾಗದ ಬಿಲ್ಲೆಯನ್ನು ಆರಿಸಿಕೊಂಡು, ಓರೆಯಾಗಿ ಬೀಳುವ ಬೆಳಕಿನಲ್ಲಿ ಹುಡುಕಬೇಕು. ಮೊದಲ ಸಲಕ್ಕೆ ಕಾಣದಿದ್ದರೆ ಬೇಸರಿಸದೆ ಇನ್ನೊಂದನ್ನು ತೆಗೆದುಕೊಳ್ಳಿ. ಈ ಒಂದು ಗುರುತನ್ನು ಕಣ್ಣಿಗೆ ಅಭ್ಯಾಸ ಮಾಡಿಕೊಂಡವರಿಗೆ ಈ ಎರಡು ಕುಲಗಳ ಗೊಂದಲ ಮತ್ತೆ ಕಾಡುವುದಿಲ್ಲ.

ದಕ್ಷಿಣ ಮತ್ತು ಮಧ್ಯ ಅಮೆರಿಕದ ಮೂಲದ ಸ್ಪೈರೋಡೆಲಾ ಇಂಟರ್ಮೀಡಿಯಾದಲ್ಲಿ ಪೊರೆಯನ್ನು ತೂರುವ ಬೇರುಗಳು 2ರಿಂದ 5ರವರೆಗೆ ಇರುತ್ತವೆ. ಇದಲ್ಲದೆ, ಪಾಲಿರೈಜಾ ಟ್ಯೂರಿಯಾನ್ ಎಂಬ ಸುಪ್ತ ಮೊಗ್ಗುಗಳನ್ನು ಮಾಡುತ್ತದೆ, ಇಂಟರ್ಮೀಡಿಯಾ ಮಾಡುವುದಿಲ್ಲ. ಟ್ಯೂರಿಯಾನ್ ಎಂದರೆ ಚಳಿ ಬಿದ್ದಾಗ ಅಥವಾ ಪೋಷಕಾಂಶ ಕುಗ್ಗಿದಾಗ ಹುಟ್ಟಿ ತಳಕ್ಕೆ ಮುಳುಗುವ, ಕಡು ಕಂದು ಹಸಿರಿನ, ಒಂದೆರಡು ಮಿ.ಮೀ. ಗಾತ್ರದ ದಪ್ಪ ಬಿಲ್ಲೆ. ಡಬ್ಬಿಯ ತಳದಲ್ಲಿ ಇಂಥವು ಕಂಡರೆ ಕಸವೆಂದು ಚೆಲ್ಲದೆ ಎಣಿಸಿಡಿ.

## ಹಂತ 5: ಒಂದೇ ಬೇರಿದ್ದರೆ

ಇಲ್ಲಿಯೇ ಎಲ್ಲರೂ ಸೋಲುವುದು. ಲೆಮ್ನಾದಲ್ಲಿ ಪ್ರಭೇದಗಳು ಹೆಚ್ಚು, ವ್ಯತ್ಯಾಸಗಳು ಅತಿ ಸೂಕ್ಷ್ಮ. ಅವಸರ ಮಾಡಿದವರೆಲ್ಲ ಲೆಮ್ನಾ ಮೈನರ್ ಎಂಬ ಹೆಸರಿಗೆ ಬಂದು ನಿಲ್ಲುತ್ತಾರೆ. ಕೆಳಗಿನ ಕ್ರಮವನ್ನು ಬದಲಿಸದೆ ಮುಂದುವರಿಯಿರಿ.

### ಮೊದಲು: ಮುಳುಗಿದೆಯೋ, ತೇಲುತ್ತಿದೆಯೋ

ಬಿಲ್ಲೆಗಳು ನೀರೊಳಗೇ ಇದ್ದು, ಉದ್ದನೆಯ ತೊಟ್ಟುಗಳಿಂದ ಒಂದಕ್ಕೊಂದು ಸೇರಿ ಸರಪಳಿಯಂತೆ ಹೆಣೆದುಕೊಂಡಿದ್ದರೆ, ಅದು ಲೆಮ್ನಾ ಟ್ರೈಸಲ್ಕಾ. ಕೆಲವೊಮ್ಮೆ ಇದರಲ್ಲಿ ಬೇರೇ ಇರುವುದಿಲ್ಲ, ಅದರಿಂದ ಗೊಂದಲಗೊಳ್ಳಬೇಡಿ.

### ಎರಡನೆಯದು: ಬೇರಿನ ಒರೆ ಮತ್ತು ತುದಿ

ಬೇರು ಹೊರಡುವ ಜಾಗದಲ್ಲಿ ಅದನ್ನು ಸುತ್ತಿಕೊಂಡ ಒಂದು ಚಿಕ್ಕ ಒರೆ ಇರುತ್ತದೆ. ಆ ಒರೆಯ ಎರಡೂ ಬದಿಗಳಲ್ಲಿ ಪುಟ್ಟ ರೆಕ್ಕೆಗಳಂಥ ಚಾಚುಗಳಿದ್ದು, ಬೇರಿನ ತುದಿಯೂ ಚೂಪಾಗಿದ್ದರೆ ನಿಮ್ಮ ಮುಂದಿರುವುದು ಲೆಮ್ನಾ ಈಕ್ವಿನಾಕ್ಟಿಯಾಲಿಸ್ ಅಥವಾ ಲೆಮ್ನಾ ಪರ್ಪುಸಿಲ್ಲಾ. ರೆಕ್ಕೆಗಳಿಲ್ಲದೆ ತುದಿಯು ಮೊಂಡಾಗಿದ್ದರೆ ಅದು ಮೈನರ್, ಗಿಬ್ಬಾ ಮೊದಲಾದವುಗಳ ಕಡೆಯದು. ಬೆಚ್ಚಗಿನ ನಾಡುಗಳಲ್ಲಿ ಮೈನರ್ ಎಂದು ಹೆಸರಿಸಲಾಗುವ ಎಷ್ಟೋ ಮಾದರಿಗಳು ವಾಸ್ತವದಲ್ಲಿ ಈಕ್ವಿನಾಕ್ಟಿಯಾಲಿಸ್ ಆಗಿರುತ್ತವೆ, ಒರೆಯನ್ನು ನೋಡದಿರುವುದೇ ಅದಕ್ಕೆ ಕಾರಣ.

ಈಕ್ವಿನಾಕ್ಟಿಯಾಲಿಸ್ ಮತ್ತು ಪರ್ಪುಸಿಲ್ಲಾ ಇವೆರಡನ್ನು ಬೇರ್ಪಡಿಸಲು ರೆಕ್ಕೆಯ ಅಳತೆ ಪೂರ್ತಿ ಸಾಲದು. ಮೊದಲನೆಯದರಲ್ಲಿ ರೆಕ್ಕೆಯ ಉದ್ದ ಅಗಲದ 1ರಿಂದ 2.5 ಪಟ್ಟು, ಎರಡನೆಯದರಲ್ಲಿ 2ರಿಂದ 3 ಪಟ್ಟು, ಅಂದರೆ ಅಳತೆಗಳು ಒಂದರ ಮೇಲೊಂದು ಬೀಳುತ್ತವೆ. ಬೀಜ ಸಿಕ್ಕಿದರೆ ಮಾತ್ರ ನಿಸ್ಸಂದೇಹ: ಈಕ್ವಿನಾಕ್ಟಿಯಾಲಿಸ್‌ನ ಬೀಜದಲ್ಲಿ 8ರಿಂದ 26 ಏಣುಗಳಿದ್ದು ಅದು ಹಣ್ಣಾದಾಗ ಕಾಯಿಯಿಂದ ಹೊರಬೀಳುತ್ತದೆ; ಪರ್ಪುಸಿಲ್ಲಾದಲ್ಲಿ 35ರಿಂದ 70 ಏಣುಗಳಿದ್ದು ಬೀಜವು ಕಾಯಿಯೊಳಗೇ ಉಳಿಯುತ್ತದೆ.

### ಮೂರನೆಯದು: ನರಗಳ ಎಣಿಕೆ

ಹಸಿ ಬಿಲ್ಲೆಯಲ್ಲಿ ನರಗಳನ್ನು ಎಣಿಸಲು ಹೋಗಿ ಸೋತವರು ಬಹಳ. ಬಿಲ್ಲೆಯೊಳಗಿನ ಗಾಳಿಗೂಡುಗಳ ಗೋಡೆಗಳು ಗೆರೆಗಳಂತೆ ಹೊಳೆಯುತ್ತವೆ, ಅವುಗಳನ್ನೇ ನರವೆಂದು ಲೆಕ್ಕ ಹಾಕಿದರೆ ಸಂಖ್ಯೆ ಏರುತ್ತಾ ಹೋಗುತ್ತದೆ. ಹಸಿರನ್ನು ತೆಗೆದುಬಿಡುವುದೇ ಸರಿಯಾದ ದಾರಿ. ನಾಲ್ಕೈದು ಬಿಲ್ಲೆಗಳನ್ನು ಸ್ಪಿರಿಟ್‌ನಲ್ಲಿ ಮುಳುಗಿಸಿ ಮುಚ್ಚಳ ಹಾಕಿ ಒಂದು ರಾತ್ರಿ ಬಿಡಿ. ಬೆಳಗಾಗುವಷ್ಟರಲ್ಲಿ ಅವು ಬಿಳಿಚಿಕೊಂಡಿರುತ್ತವೆ. ಬೇಗ ಆಗಲೆಂದು ಸ್ಪಿರಿಟ್ ಅನ್ನು ಉರಿಯ ಮೇಲೆ ಕಾಯಿಸಲೇಬಾರದು, ಅದರ ಆವಿಗೆ ಬೆಂಕಿ ಹತ್ತಿಕೊಳ್ಳುತ್ತದೆ. ಬಿಳಿಚಿದ ಬಿಲ್ಲೆಯನ್ನು ನೀರಿನಲ್ಲಿ ತೊಳೆದು ಸ್ಲೈಡಿನ ಮೇಲಿಟ್ಟು, ಕೆಳಗಿನಿಂದ ಬೆಳಕು ಬಿಟ್ಟು ನೋಡಿ. ಗಿಣ್ಣಿನಿಂದ ಹೊರಟು ತುದಿಯ ಕಡೆಗೆ ಬಿಡದೆ ಸಾಗುವ ಗೆರೆ ನರ. ನಡುನಡುವೆ ಮುರಿದು ಬಲೆಯಂತೆ ಕೂಡಿಕೊಳ್ಳುವುದು ಗಾಳಿಗೂಡಿನ ಗೋಡೆ.

ಒಂದೇ ನರ ಕಂಡರೆ ಲೆಮ್ನಾ ಮಿನೂಟಾ ಅಥವಾ ಲೆಮ್ನಾ ವಾಲ್ಡಿವಿಯಾನಾ ಇರಬಹುದು. ಇವುಗಳಲ್ಲಿ ನರ ಎಷ್ಟು ದೂರ ಹೋಗಿದೆ ಎಂಬುದೇ ನಿರ್ಣಾಯಕ. ಗಿಣ್ಣಿನಿಂದ ತುದಿಯವರೆಗಿನ ದೂರದಲ್ಲಿ ಮೂರನೇ ಎರಡು ಭಾಗದೊಳಗೆ, ಗಾಳಿಗೂಡುಗಳಿರುವ ಪ್ರದೇಶವನ್ನು ದಾಟದೆ ನಿಂತರೆ ಮಿನೂಟಾ. ಮುಕ್ಕಾಲು ಭಾಗವನ್ನಾದರೂ ಕ್ರಮಿಸಿ ಗಾಳಿಗೂಡುಗಳನ್ನು ಮೀರಿ ಹೋದರೆ ವಾಲ್ಡಿವಿಯಾನಾ. ಮೂರು ನರಗಳಿದ್ದರೆ ಮೈನರ್, ಟ್ಯುರಿಯೋನಿಫೆರಾ ಮತ್ತು ಹಿಂದೆ ಹೇಳಿದ ರೆಕ್ಕೆಯುಳ್ಳ ಜೋಡಿ. ನಾಲ್ಕೈದು ನರಗಳಿದ್ದರೆ ಗಿಬ್ಬಾದ ಸಾಧ್ಯತೆ ಹೆಚ್ಚು.

### ನಾಲ್ಕನೆಯದು: ಉಬ್ಬು, ಗಾಳಿಗೂಡು, ಕೆಂಪು

ಲೆಮ್ನಾ ಗಿಬ್ಬಾ ಎಂದರೆ ಕೆಳಮೈ ಬಲೂನಿನಂತೆ ಉಬ್ಬಿರಬೇಕು ಎಂಬ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಉಬ್ಬಿದ್ದರೆ ಅದು ಗಿಬ್ಬಾ ನಿಜ. ಉಬ್ಬಿಲ್ಲದಿದ್ದರೆ ಗಿಬ್ಬಾ ಅಲ್ಲ ಎನ್ನಲಾಗದು, ಏಕೆಂದರೆ ಪೋಷಕಾಂಶ ಕಡಿಮೆಯಿರುವ ಅಥವಾ ತಣ್ಣನೆಯ ನೀರಿನಲ್ಲಿ ಅದು ಮೈನರ್‌ನಷ್ಟೇ ಚಪ್ಪಟೆಯಾಗಿರುತ್ತದೆ. ಚಪ್ಪಟೆ ಬಿಲ್ಲೆಯನ್ನು ಕೆಳಗಿನಿಂದ ನೋಡಿ ಅತಿ ದೊಡ್ಡ ಗಾಳಿಗೂಡನ್ನು ಅಳೆಯಿರಿ. ಅಡ್ಡಳತೆ 0.3 ಮಿ.ಮೀ. ಮೀರಿದ್ದರೆ ಗಿಬ್ಬಾದ ಕಡೆಗೆ, ಅದಕ್ಕಿಂತ ಕಡಿಮೆಯಿದ್ದರೆ ಮೈನರ್ ಕಡೆಗೆ ಒಲವು ತೋರಬಹುದು.

ಮೂರು ನರಗಳಿದ್ದು ಕೆಳಮೈ ಕೆಂಪಾಗಿದ್ದರೆ ಟ್ಯುರಿಯೋನಿಫೆರಾ ಎಂದು ಶಂಕಿಸಿ. ಅದರಲ್ಲಿ ಕೆಂಪು ಬೇರಿನ ಬುಡದಿಂದ ಹೊರಕ್ಕೆ ಹಬ್ಬುತ್ತದೆ. ಗಿಬ್ಬಾ ಕೆಂಪೇರಿದಾಗ ಅಂಚಿನಿಂದ ಒಳಕ್ಕೆ ಹಬ್ಬುತ್ತದೆ. ಮೇಲ್ಮೈಯ ನಡುಗೆರೆಯುದ್ದಕ್ಕೂ ಸಾಲಾಗಿ ಸ್ಪಷ್ಟವಾದ ಚುಕ್ಕೆಯುಬ್ಬುಗಳಿರುವುದು, ತಣ್ಣಗಾದಾಗ ಬೇರಿಲ್ಲದ ಕಡುಬಣ್ಣದ ಟ್ಯೂರಿಯಾನ್‌ಗಳನ್ನು ಬಿಡುವುದು ಟ್ಯುರಿಯೋನಿಫೆರಾದ ಇನ್ನೆರಡು ಗುರುತುಗಳು. ಮೈನರ್ ಟ್ಯೂರಿಯಾನ್ ಮಾಡುವುದಿಲ್ಲ. ಆದರೆ ಕೆಂಪು ಇಲ್ಲದಿರುವುದರಿಂದ ಏನೂ ಸಾಬೀತಾಗುವುದಿಲ್ಲ ಎಂಬುದನ್ನು ನೆನಪಿಡಿ. ನೆರಳಿನಲ್ಲಿ ಬೆಳೆದ ಕೆಂಪು ಪ್ರಭೇದಗಳೂ ಹಸಿರಾಗಿಯೇ ಇರುತ್ತವೆ.

## ಹಂತ 6: ಬೇರಿಲ್ಲದಿದ್ದರೆ

ಬೇರಿಲ್ಲದ ಬಿಲ್ಲೆ ತೆಳ್ಳಗೆ, ಚಪ್ಪಟೆಯಾಗಿ, ನಾಲಿಗೆಯಂತೆಯೋ ಬಾಗಿದ ಕತ್ತಿಯಂತೆಯೋ ಇದ್ದರೆ ವುಲ್ಫಿಯೆಲ್ಲಾ. ಗುಂಡಗೆ ಅಥವಾ ದೋಣಿಯಂತೆ ದಪ್ಪಗಿದ್ದು 1.5 ಮಿ.ಮೀ.ಗಿಂತ ಚಿಕ್ಕದಾಗಿದ್ದರೆ ವುಲ್ಫಿಯಾ.

ವುಲ್ಫಿಯಾವನ್ನು ಮೇಲಿನಿಂದ ಮಾತ್ರ ನೋಡಿದರೆ ಎಲ್ಲ ಪ್ರಭೇದಗಳೂ ಒಂದೇ ತರಹದ ಹಸಿರು ಚುಕ್ಕೆಗಳು. ನೀರಿನಲ್ಲಿ ತೇಲುತ್ತಿರುವಾಗಲೇ ಪಕ್ಕದಿಂದ ನೋಡಬೇಕು. ಅದಕ್ಕಾಗಿ ಪಾರದರ್ಶಕವಾದ ಚಿಕ್ಕ ಗಾಜಿನ ಪಾತ್ರೆಯಲ್ಲಿ ಬಿಟ್ಟು, ನೀರಿನ ಮಟ್ಟಕ್ಕೆ ಕಣ್ಣನ್ನು ತಂದು ಭೂತಗನ್ನಡಿ ಹಿಡಿಯಿರಿ. ಮೇಲ್ಭಾಗ ಚಪ್ಪಟೆಯಾಗಿದ್ದು ನಡುವೆ ಒಂದೇ ಒಂದು ಮೊನೆಯಿದ್ದರೆ ವುಲ್ಫಿಯಾ ಬ್ರೆಸಿಲಿಯೆನ್ಸಿಸ್. ಚಪ್ಪಟೆಯಾಗಿದ್ದು ಮುಂತುದಿ ಮೇಲಕ್ಕೆ ಚೂಪಾಗಿ ಬಾಗಿದ್ದರೆ ವುಲ್ಫಿಯಾ ಬೊರಿಯಾಲಿಸ್. ಈ ಎರಡರಲ್ಲಿಯೂ ಸತ್ತ ಬಿಲ್ಲೆಗಳ ಮೈಮೇಲೆ ಕಂದು ಚುಕ್ಕೆಗಳು ಕಾಣುತ್ತವೆ. ಕೆಳಮೈಯಿಂದ ಬೇರಿನಂಥ ಒಂದು ಮೊನಚು ಚಾಚಿದ್ದರೆ ವುಲ್ಫಿಯಾ ಮೈಕ್ರೊಸ್ಕೋಪಿಕಾ. ಅದು ನಿಜವಾದ ಬೇರಲ್ಲ, ಬಿಲ್ಲೆಯದೇ ಚಾಚು.

ಗುಂಡನೆಯ ಮೂರು ಪ್ರಭೇದಗಳಲ್ಲಿ ಅರೈಜಾದ ಮೇಲ್ಭಾಗ ದಟ್ಟ ಹಸಿರು, ಅಲ್ಲಿ ಪತ್ರರಂಧ್ರಗಳು ಹತ್ತಾರು. ಕೊಲಂಬಿಯಾನಾದ ಮೈ ಪಾರದರ್ಶಕ ಹಸಿರು, ಪತ್ರರಂಧ್ರಗಳು ಬೆರಳೆಣಿಕೆಯಷ್ಟು. ಗ್ಲೋಬೋಸಾ ಹೆಸರಿಗೆ ಗೋಳವಾದರೂ ಉದ್ದ ಅಗಲದ ಒಂದೂಕಾಲು ಪಟ್ಟಿಗಿಂತ ಹೆಚ್ಚಿದ್ದು, 1 ಮಿ.ಮೀ. ಮುಟ್ಟದಷ್ಟು ಚಿಕ್ಕದು. ಪತ್ರರಂಧ್ರಗಳನ್ನು ಎಣಿಸಲು 100 ಪಟ್ಟಿನ ಹಿಗ್ಗುವಿಕೆ ಬೇಕು.

## ಹಂತ 7: ಬೆಳೆಸಿ ನೋಡುವುದು

ಗುರುತು ಸ್ಪಷ್ಟವಾಗದಿದ್ದಾಗ ಪುಸ್ತಕದ ಚಿತ್ರಗಳನ್ನು ಮತ್ತೆ ಮತ್ತೆ ತಿರುವಿಹಾಕುವುದಕ್ಕಿಂತ ಬೆಳೆಸಿ ನೋಡುವುದು ಎಷ್ಟೋ ಮೇಲು. ಒಂದೇ ಒಂದು ಬಿಲ್ಲೆಯನ್ನು ಶುದ್ಧ ನೀರಿನಲ್ಲಿ ಹಲವು ಸಲ ತೊಳೆದು, ಬೇರೆ ಪಾತ್ರೆಯಲ್ಲಿ ಬಹಳ ತಿಳಿಗೊಳಿಸಿದ ದ್ರವಗೊಬ್ಬರದಲ್ಲಿ ಬಿಟ್ಟು, ಬೆಳಕು ಚೆನ್ನಾಗಿರುವ, ಆದರೆ ನೇರ ಬಿಸಿಲು ಬೀಳದ ಕಡೆ ಇಡಿ. ಒಳ್ಳೆಯ ಸ್ಥಿತಿಯಲ್ಲಿ ಎರಡು ಮೂರು ದಿನಗಳಿಗೊಮ್ಮೆ ಬಿಲ್ಲೆಗಳ ಸಂಖ್ಯೆ ಇಮ್ಮಡಿಯಾಗುವುದರಿಂದ, ಮೂರು ವಾರಗಳಲ್ಲಿ ಪರೀಕ್ಷೆಗೆ ಬೇಕಾದಷ್ಟು ಸಿಗುತ್ತವೆ. ಎಲ್ಲವೂ ಒಂದೇ ಬಿಲ್ಲೆಯ ಸಂತತಿಯಾದ್ದರಿಂದ ಮಿಶ್ರಣದ ಭಯವಿಲ್ಲ. ಕೊಳದಲ್ಲಿ ಹಸಿದು ಚಪ್ಪಟೆಯಾಗಿದ್ದ ಗಿಬ್ಬಾ ಇಲ್ಲಿ ಉಬ್ಬಬಹುದು, ನೆರಳಿನಲ್ಲಿ ಹಸಿರಾಗಿದ್ದದ್ದು ಪ್ರಖರ ಬೆಳಕಿಗೆ ಬಂದಾಗ ಕೆಂಪೇರಬಹುದು. ಆ ಮೇಲೆ ಕೆಲವನ್ನು ತಣ್ಣನೆಯ ಜಾಗಕ್ಕೆ ಸರಿಸಿದರೆ ಟ್ಯೂರಿಯಾನ್ ಮಾಡುವವು ಯಾವುವು ಎಂಬುದೂ ತಿಳಿಯಬಹುದು.

## ಹೆಸರು ತಪ್ಪಿದೆ ಎಂದು ಎಚ್ಚರಿಸುವ ಸೂಚನೆಗಳು

ಒಂದೇ ಗುಂಪಿನ ಬಿಲ್ಲೆಗಳಲ್ಲಿ ಕೆಲವಕ್ಕೆ ಒಂದು ನರ, ಕೆಲವಕ್ಕೆ ಮೂರು ನರಗಳು ಬಂದರೆ ಪ್ರಭೇದಗಳು ಬೆರೆತಿರಬಹುದು, ಇಲ್ಲವೇ ಎಳೆಯ ಬಿಲ್ಲೆಗಳನ್ನು ಆರಿಸಿಕೊಂಡಿರುತ್ತೀರಿ. ಹಂತ 1ಕ್ಕೆ ಹಿಂದಿರುಗಿ. ನಿಮ್ಮ ತೀರ್ಮಾನ ನಿಂತಿರುವುದು ಬಣ್ಣದ ಮೇಲೆ ಅಥವಾ ಬೇರಿನ ಉದ್ದದ ಮೇಲೆ ಮಾತ್ರ ಎಂದಾದರೆ ಅದನ್ನು ಕೈಬಿಡಿ. ಪೋಷಕಾಂಶ ಕಡಿಮೆಯಾದಾಗ ಬೇರು ಉದ್ದವಾಗುವುದು ಈ ಸಸ್ಯಗಳ ಸ್ವಭಾವ. ಒಂದು ಲಕ್ಷಣ ಮೈನರ್ ಎಂದೂ ಇನ್ನೊಂದು ಟ್ಯುರಿಯೋನಿಫೆರಾ ಎಂದೂ ಹಟ ಹಿಡಿದರೆ ನಿಮ್ಮ ಕಣ್ಣನ್ನು ದೂಷಿಸಬೇಕಾಗಿಲ್ಲ: ಲೆಮ್ನಾ ಜಪೋನಿಕಾ ಎಂಬುದು ಈ ಎರಡರ ಸಂಕರವೆಂದು ತಳಿಗುರುತುಗಳ ಪರೀಕ್ಷೆಯಿಂದ ತಿಳಿದುಬಂದಿದೆ. ಸಾಮಾನ್ಯವಾಗಿ ಮಾಡುವ ಕ್ಲೋರೋಪ್ಲಾಸ್ಟ್ ಡಿಎನ್‌ಎ ಪರೀಕ್ಷೆಯೂ ಇಲ್ಲಿ ಮೋಸಮಾಡುತ್ತದೆ, ಏಕೆಂದರೆ ಅದು ತಾಯಿಯ ಕಡೆಯ ವಂಶವನ್ನಷ್ಟೇ ತೋರಿಸುತ್ತದೆ. ಕೋಶಕೇಂದ್ರದ ಡಿಎನ್‌ಎಯನ್ನೂ ನೋಡಿದರೆ ಮಾತ್ರ ಸಂಕರ ಬಯಲಾಗುತ್ತದೆ. ಇಂಥ ಮಾದರಿಗೆ ಲೆಮ್ನಾ ಎಂದಷ್ಟೇ ಬರೆದು ಪ್ರಭೇದದ ಜಾಗವನ್ನು ಖಾಲಿ ಬಿಡುವುದು ಸಂಪೂರ್ಣ ಸರಿಯಾದ ಉತ್ತರ.

## ಹಂತ 8: ದಾಖಲಿಸುವುದು ಮತ್ತು ಉಳಿದದ್ದನ್ನು ವಿಲೇವಾರಿ ಮಾಡುವುದು

ಹೆಸರಿನ ಜೊತೆಗೆ ಆ ಹೆಸರಿಗೆ ಕಾರಣವಾದ ಎಣಿಕೆಗಳನ್ನೂ ಬರೆದಿಡಿ: ಎಷ್ಟು ಬಿಲ್ಲೆಗಳನ್ನು ನೋಡಿದಿರಿ, ಬೇರುಗಳೆಷ್ಟು, ನರಗಳೆಷ್ಟು, ಒರೆಗೆ ರೆಕ್ಕೆಯಿತ್ತೇ, ಕೆಂಪು ಎಲ್ಲಿಂದ ಹಬ್ಬಿತ್ತು. ಮೇಲ್ಮೈ, ಕೆಳಮೈ, ಪಕ್ಕ, ಹೀಗೆ ಮೂರು ಚಿತ್ರಗಳನ್ನು ಗ್ರಾಫ್ ಕಾಗದ ಕಾಣುವಂತೆ ತೆಗೆಯಿರಿ. ಒತ್ತಿ ಒಣಗಿಸಿದ ಬಿಲ್ಲೆಗಳಲ್ಲಿ ಉಬ್ಬೂ ಗಾಳಿಗೂಡೂ ಅಳಿದುಹೋಗುವುದರಿಂದ ಕೆಲವನ್ನು ಶೇ. 70ರ ಆಲ್ಕೋಹಾಲ್‌ನಲ್ಲಿಯೂ ಕಾಪಾಡಿ.

ಮಿಕ್ಕ ನೀರನ್ನು ಇನ್ನೊಂದು ಕೊಳಕ್ಕಾಗಲಿ ಚರಂಡಿಗಾಗಲಿ ಚೆಲ್ಲಬೇಡಿ. ಅಮೆರಿಕ ಖಂಡದ ಲೆಮ್ನಾ ಮಿನೂಟಾ ಯುರೋಪಿನ ನೀರುಗಳಲ್ಲಿ ಕಳೆಯಾಗಿ ಹಬ್ಬಿದೆ. ಹೊಸ ಜಾಗದಲ್ಲಿ ನೆಲೆಯೂರಲು ಒಂದು ಬಿಲ್ಲೆ ಸಾಕು. ಸಸ್ಯಗಳನ್ನು ಕಾಗದದ ಮೇಲೆ ಹರಡಿ ಬಿಸಿಲಿನಲ್ಲಿ ಗರಿಗರಿಯಾಗುವವರೆಗೆ ಒಣಗಿಸಿ. ತಟ್ಟೆ, ಕುಂಚ, ಡಬ್ಬಿಗಳನ್ನು ತೊಳೆದ ನೀರನ್ನು ಕೊಳಗಳಿಂದ ದೂರವಾದ ಒಣ ಮಣ್ಣಿಗೆ ಸುರಿಯಿರಿ, ಕುಂಚದ ಕೂದಲುಗಳ ನಡುವೆ ವುಲ್ಫಿಯಾದ ಕಣಗಳು ಉಳಿದಿಲ್ಲವೆಂದು ಭೂತಗನ್ನಡಿಯಲ್ಲಿ ನೋಡಿದ ಮೇಲೆಯೇ ಮುಂದಿನ ಮಾದರಿಗೆ ಅದನ್ನು ಬಳಸಿ.